ಎರಡು ಬೆರಳು ಮೇಲೆ

ಮಿಸ್ ಪೆಲ್ ಕೇಳಿದ್ದು ಸಣ್ಣ ಪ್ರಶ್ನೆ. ಹೌದು ಅಂದರೆ ಮುಗಿಯುತ್ತಿತ್ತು, ಕ್ಯಾಸ್ ವ್ರೋನಾ ಹೌದು ಅಂದೂ ಆಗಿತ್ತು. ಆದರೂ ಅವಳ ಕೋಣೆಯಿಂದ ಹೊರಬಿದ್ದವನು ನೇರವಾಗಿ ಮೈದಾನಕ್ಕೆ ಹೋಗದೆ, ಬಾಯಿಗೆ ಬೇಡವಾಗಿದ್ದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿಕೊಂಡು ಕಾರಿಡಾರಿನ ಗೋಡೆಗೆ ಒರಗಿ ನಿಂತುಬಿಟ್ಟ. ಜೂನ್ ತಿಂಗಳಿಂದ ಆಕೆ ಈ ಹೆಲಿಕಾಪ್ಟರಿನ ಚರಿತ್ರೆ ಬರೆಯುತ್ತಿದ್ದಳು. ಹದಿನೈದು ವರ್ಷದ ಹಿಂದೆ ಯಾರೋ ನಕ್ಷೆಯ ಹಾಳೆಯ ಮೇಲೆ ಎಳೆದ ಮೊದಲ ಗೆರೆಯಿಂದ ಹಿಡಿದು ಇವತ್ತು ಮೈದಾನದಲ್ಲಿ ನಿಂತಿರುವ ನಾಲ್ಕನೆಯ ಯಂತ್ರದವರೆಗೆ ಎಲ್ಲವೂ ನೀಲಿ ರಟ್ಟಿನ ಒಂದು ಪುಸ್ತಕವಾಗಿ ಸೈನ್ಯದವರ ಕೈ ಸೇರಬೇಕು. ಸೈನ್ಯ ಒಪ್ಪಿದರೆ ಐದನೆಯದು, ಐವತ್ತನೆಯದು, ಐನೂರನೆಯದು. ಒಪ್ಪದಿದ್ದರೆ ಡೆಲವೇರ್ ನದಿಯ ಈ ದಂಡೆಯಲ್ಲಿ ಎರಡು ಸಾವಿರ ಜನ ಬೇರೆ ಕೆಲಸ ನೋಡಿಕೊಳ್ಳಬೇಕು. ಕ್ಯಾಸ್‌ನ ಹದಿನಾಲ್ಕು ವರ್ಷದ ಕೆಲಸಕ್ಕೆ ಆ ಪುಸ್ತಕದಲ್ಲಿ ಅರ್ಧ ಪುಟ ಸಿಕ್ಕಿತ್ತು, ಅದರಲ್ಲೂ ಅವನ ಹೆಸರು ಇರಲಿಲ್ಲ. ಅದಕ್ಕೆ ಅವನಿಗೆ ಬೇಜಾರೇನೂ ಇರಲಿಲ್ಲ. ಹೆಸರಿಲ್ಲದ್ದೇ ಒಳ್ಳೆಯದಾಯಿತು ಅಂತ ಅನ್ನಿಸಿತ್ತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು. ಆಕೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಟೈಪು ಮಾಡಿದ ಹಾಳೆಯನ್ನು ಅವನ ಎದುರಿಗೆ ಓದಿದ್ದಳು. ಕಳೆದ ಅಕ್ಟೋಬರ್ ಹದಿನಾಲ್ಕರ ಬೆಳಿಗ್ಗೆ ಮೂರನೆಯ ಯಂತ್ರದ ಮೂರೂ ರೆಕ್ಕೆಗಳು ಒಂದೇ ಮಟ್ಟದಲ್ಲಿ ತಿರುಗುತ್ತಿದ್ದವು, ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ, ಚಾಲಕ ಬರ್ಟ್ ಕೊಸ್ಟಿಗನ್ ಮಿತಿಮೀರಿ ಕಡಿದಾದ ತಿರುವು ತೆಗೆದುಕೊಂಡಿದ್ದರಿಂದ ಅದು ನದಿಗೆ ಬಿತ್ತು.

"ಸರಿಯಾಗಿದೆ ಅಲ್ವಾ ಕ್ಯಾಸ್?"

"ಸರಿಯಾಗಿದೆ."

"ಸಂಜೆಯೊಳಗೆ ಕೆಳಗೊಂದು ರುಜು ಹಾಕ್ಬಿಡಿ. ನಾಳೆ ಅಚ್ಚಿಗೆ ಹೋಗುತ್ತೆ. ಆಮೇಲೆ ನನ್ನನ್ನ ಯಾರೂ ಮಾತಾಡಿಸ್ಬಾರ್ದು, ಎರಡು ದಿನ ಮಲಗಿಬಿಡ್ತೀನಿ."

ಸುಳ್ಳೇನೂ ಅಲ್ಲ. ಅವನು ಪರೀಕ್ಷೆ ಮುಗಿಸಿ ಬಾವುಟ ಕೆಳಗಿಟ್ಟಾಗ ಮೂರೂ ಒಂದೇ ಮಟ್ಟದಲ್ಲೇ ಇದ್ದವು. ಅದಕ್ಕೆ ಇಪ್ಪತ್ತು ನಿಮಿಷ ಮೊದಲು ಹೇಗಿದ್ದವು ಅಂತ ಆಕೆ ಕೇಳಲಿಲ್ಲ. ವಿಚಾರಣೆಗೆ ವಾಷಿಂಗ್‌ಟನ್ನಿಂದ ಬಂದಿದ್ದ ಐದು ಜನರೂ ಕೇಳಿರಲಿಲ್ಲ. ಕೇಳದ್ದನ್ನು ಯಾಕೆ ಹೇಳಬೇಕು ಅಂತ ಅವತ್ತು ಅಂದುಕೊಂಡಿದ್ದ. ಆಮೇಲೆ ಹನ್ನೊಂದು ತಿಂಗಳಲ್ಲಿ ಆ ಮಾತನ್ನು ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಈಗ ಅದಕ್ಕೆ ರುಚಿಯೇ ಇರಲಿಲ್ಲ. ಕಾಫಿಯನ್ನು ಹಾಗೇ ಕಿಟಕಿಯ ಕಟ್ಟೆಯ ಮೇಲಿಟ್ಟು ಮೈದಾನದ ಕಡೆ ಹೊರಟ. ಐವತ್ಮೂರು ವಯಸ್ಸು ಏನು ಮಹಾ, ಆದರೆ ಮೊಣಕಾಲು ಮಾತು ಕೇಳುತ್ತಿರಲಿಲ್ಲ, ಭುಜವಂತೂ ಬೆಳಿಗ್ಗೆ ಶರಟು ಹಾಕಿಕೊಳ್ಳುವಾಗಲೇ ಜಗಳ ತೆಗೆಯುತ್ತಿತ್ತು. ಹೊರಗೆ ಮಂಜು. ನದಿಯಿಂದೆದ್ದು ರಾತ್ರಿಯೆಲ್ಲ ಕಾರ್ಖಾನೆಯ ಮೇಲೆ ಬಿದ್ದುಕೊಂಡಿದ್ದ ಮಂಜು ಒಂಬತ್ತಾದರೂ ಏಳುವ ಮನಸ್ಸು ಮಾಡಿರಲಿಲ್ಲ. ಸೆಪ್ಟೆಂಬರಿನಲ್ಲಿ ಇದು ಮಾಮೂಲು. ಮಂಜು ಕಂಡ ಕೂಡಲೇ ಅವನ ಬಲಗೈ ತಂತಾನೇ ಜೇಬಿನೊಳಗಿನ ಚಿಕ್ಕ ಇಕ್ಕಳವನ್ನು ಮುಟ್ಟಿ ನೋಡಿತು. ಕೈಗೆ ಗೊತ್ತು, ಮಂಜು ಬಿದ್ದ ಬೆಳಿಗ್ಗೆ ಕೆಲಸ ಇರುತ್ತದೆ ಅಂತ. ಅದೇ ಕೈ, ಅದೇ ಇಕ್ಕಳ. ಅವನು ಕೈಯನ್ನು ಹೊರಗೆಳೆದುಕೊಂಡ.

ಅವನ ಕೆಲಸವೇನು ಅಂತ ಯಾರಾದರೂ ಕೇಳಿದರೆ ಹೆಂಡತಿ ಗೇನ್ಯಾ ನಗುತ್ತಾ, ಬಾವುಟ ಹಿಡಿಯೋದು, ಯುದ್ಧ ಮುಗಿದಿದೆ ಅಂತ ಇವರಿಗಿನ್ನೂ ಯಾರೂ ಹೇಳಿಲ್ಲ, ಅನ್ನುತ್ತಿದ್ದಳು. ಕೇಳಿದರೆ ಹಾಗೇ ಅನ್ನಿಸುತ್ತಿತ್ತು. ಹೆಲಿಕಾಪ್ಟರಿನ ಮೂರು ರೆಕ್ಕೆಗಳ ತುದಿಗೆ ಮೂರು ಬಣ್ಣದ ಸೀಮೆಸುಣ್ಣ ಬಳಿಯುತ್ತಾರೆ, ಕೆಂಪು, ನೀಲಿ, ಹಳದಿ. ಯಂತ್ರ ನೆಲದ ಮೇಲೇ ಇರುತ್ತದೆ, ರೆಕ್ಕೆಗಳು ಪೂರ್ತಿ ವೇಗದಲ್ಲಿ ತಿರುಗುತ್ತವೆ. ಬಾವುಟದವನು ಉದ್ದನೆಯ ಕೋಲಿಗೆ ಬಿಗಿದ ಬಿಳಿ ಕ್ಯಾನ್ವಾಸಿನ ಪಟ್ಟಿಯನ್ನು ನೆಟ್ಟಗೆ ಹಿಡಿದು, ಒಂದೊಂದೇ ಅಂಗುಲ ಮುಂದಕ್ಕೆ ತಂದು, ರೆಕ್ಕೆಯ ತುದಿಗಳು ಬಟ್ಟೆಯನ್ನು ಸವರಿದ ಕೂಡಲೇ ಹಿಂದಕ್ಕೆ ಎಳೆದುಕೊಳ್ಳಬೇಕು. ಅರ್ಧ ಅಂಗುಲ ಕಡಿಮೆಯಾದರೆ ಗುರುತು ಬೀಳುವುದಿಲ್ಲ, ಅರ್ಧ ಅಂಗುಲ ಹೆಚ್ಚಾದರೆ ಕೋಲು ಪುಡಿಯಾಗುತ್ತದೆ, ಅದರ ಜೊತೆ ಹಿಡಿದವನ ಮಣಿಕಟ್ಟೂ ಹೋಗಬಹುದು. ಮೂರು ಬಣ್ಣ ಒಂದರ ಮೇಲೊಂದು ಬಿದ್ದರೆ ರೆಕ್ಕೆಗಳು ಒಂದೇ ಮಟ್ಟದಲ್ಲಿವೆ. ಒಂದು ಬಣ್ಣ ಮೇಲೆ ಬಿದ್ದರೆ ಆ ರೆಕ್ಕೆ ಮೇಲೆ ಹಾರುತ್ತಿದೆ, ಯಂತ್ರ ನಡುಗುತ್ತದೆ. ಆಗ ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ತಗಡಿನ ನಾಲಿಗೆಯನ್ನು ಇಕ್ಕಳದಲ್ಲಿ ಒಂದು ಕೂದಲೆಳೆಯಷ್ಟು ಬಗ್ಗಿಸಬೇಕು. ಬೇರೆಯವರು ನಾಲ್ಕೈದು ಸಲ ಬಗ್ಗಿಸಿ, ನಾಲ್ಕೈದು ಸಲ ಯಂತ್ರ ತಿರುಗಿಸಿ ನೋಡುವ ಕೆಲಸವನ್ನು ಕ್ಯಾಸ್ ಒಂದೇ ಸಲಕ್ಕೆ ಮಾಡಿ ಮುಗಿಸುತ್ತಿದ್ದ. ಅದೊಂದೇ ಅವನ ಹೆಮ್ಮೆ. ಮೊದಲ ಎರಡು ಯಂತ್ರಗಳ ಕಾಲದಲ್ಲಿ ರೆಕ್ಕೆಗಳು ಮರದವು, ಸ್ಪ್ರೂಸ್ ಮರದ ಪಟ್ಟಿಗಳನ್ನು ಅಂಟಿಸಿ ಮೇಲೆ ಬಟ್ಟೆ ಹೊದಿಸಿದ್ದು. ಮರ ಮಂಜು ಕುಡಿಯುತ್ತದೆ. ಒಂದು ರೆಕ್ಕೆ ಹೆಚ್ಚು ಕುಡಿದಿರುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ನದಿಯ ಮಂಜು ಬಿದ್ದ ಬೆಳಿಗ್ಗೆಯೆಲ್ಲ ಯಾವುದಾದರೊಂದು ರೆಕ್ಕೆ ಮೇಲೋ ಕೆಳಗೋ ಇದ್ದೇ ಇರುತ್ತಿತ್ತು, ಅವನು ಬಗ್ಗಿಸಿ ಸರಿ ಮಾಡುತ್ತಿದ್ದ, ಮಧ್ಯಾಹ್ನ ಬಿಸಿಲಿಗೆ ಒಣಗಿದ ಮೇಲೆ ಮತ್ತೆ ಸರಿ ಮಾಡುತ್ತಿದ್ದ. ಹತ್ತು ವರ್ಷ ಹಾಗೇ ನಡೆದಿತ್ತು. ಮೂರನೆಯ ಯಂತ್ರಕ್ಕೆ ತಗಡುಗಳನ್ನು ಅಂಟಿಸಿ ಮಾಡಿದ ಲೋಹದ ರೆಕ್ಕೆ ಬಂತು. ಲೋಹ ಏನನ್ನೂ ಕುಡಿಯುವುದಿಲ್ಲ. ನಿನ್ನೆ ಮಟ್ಟದಲ್ಲಿದ್ದ ಲೋಹದ ರೆಕ್ಕೆ ಇವತ್ತು ಮೇಲೆ ಹಾರಿದರೆ ಅದಕ್ಕೆ ಮಂಜು ಕಾರಣವಲ್ಲ, ಒಳಗೇನೋ ಕೆಟ್ಟಿದೆ, ಅಂಟು ಬಿಟ್ಟಿದೆ, ಬಿರುಕು ಬಿಟ್ಟಿದೆ, ಮೊದಲು ಕಾರಣ ಹುಡುಕಿ ಆಮೇಲೆ ನಾಲಿಗೆ ಮುಟ್ಟಿ ಅಂತ ಹೊಸ ನಿಯಮದ ಕಾಗದ ಗೋಡೆಗೆ ಅಂಟಿಸಿದ್ದರು. ಅವನೂ ಓದಿದ್ದ. ಓದಿದ್ದು ಕಣ್ಣು, ಕೆಲಸ ಮಾಡಿದ್ದು ಕೈ.

ನಾಲ್ಕನೆಯ ಯಂತ್ರ ಹಸಿರು ಬಣ್ಣ ಬಳಿಸಿಕೊಂಡು ಮದುವೆ ಮನೆಯ ಗಂಡಿನ ಹಾಗೆ ನಿಂತಿತ್ತು. ಹನ್ನೊಂದಕ್ಕೆ ಸೈನ್ಯದವರ ಎದುರು ಹಾರಬೇಕು. ಶೆಡ್ಡಿನ ಪಕ್ಕ ಮಡಿಸುವ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಬೇಗ ಬಂದ ಕರ್ನಲ್ ಒಬ್ಬ ಮಂಜಿನಲ್ಲಿ ಏನೂ ಕಾಣದಿದ್ದರೂ ದುರ್ಬೀನು ಹಿಡಿದು ಕೂತಿದ್ದ. ಚಾಲಕ ವೇಡ್ ಲುಂಡ್ ಆಗಲೇ ಒಳಗೆ ಕೂತು ಪಟ್ಟಿ ಬಿಗಿದುಕೊಳ್ಳುತ್ತಿದ್ದ. ಮೂವತ್ತು ದಾಟಿರದ ಮಿನೆಸೋಟದವನು, ಎಲ್ಲದಕ್ಕೂ ನಗುವ ಮನುಷ್ಯ, ಬರ್ಟ್ ಹೋದ ಮೇಲೆ ಬಂದವನು.

"ಏನ್ ಕ್ಯಾಸ್, ಮುಖ ಯಾಕೆ ಹಿಂಗಿದೆ? ರಾತ್ರಿ ಗೇನ್ಯಾ ಅಮ್ಮೋರು ಮನೆಯಿಂದ ಆಚೆ ಹಾಕಿದ್ರಾ?" ಅಂದ ವೇಡ್.

"ಆಚೆ ಹಾಕೋಕೆ ಅವಳಿಗೆ ನಾನು ಮನೆಗೆ ಬಂದಿದ್ದೇ ಗೊತ್ತಾಗಲ್ಲ."

"ಸರಿ, ಬೇಗ ನೋಡಿ ಬಿಡಿ. ಆ ಕರ್ನಲ್ ಸಾಹೇಬ್ರು ಆಗಲೇ ಎರಡು ಸಲ ಗಡಿಯಾರ ನೋಡ್ಕೊಂಡ್ರು."

ಇಂಜಿನ್ನು ಸದ್ದು ಮಾಡಿತು, ರೆಕ್ಕೆಗಳು ಮೊದಲು ಸೋಮಾರಿಯಾಗಿ, ಆಮೇಲೆ ಒಂದರ ಹಿಂದೊಂದು ಓಡುತ್ತಾ, ಕೊನೆಗೆ ಬರೀ ಬೂದು ತಟ್ಟೆಯಾದವು. ಕ್ಯಾಸ್ ಕೋಲನ್ನು ಸೊಂಟಕ್ಕೆ ಒತ್ತಿ ಹಿಡಿದು, ಗಾಳಿಗೆ ಎದುರಾಗಿ ಕಾಲು ಅಗಲಿಸಿ ನಿಂತು, ಮುಂದೆ ತಂದ. ಟಪಟಪ ಎಂದು ಸವರಿತು. ಎಳೆದುಕೊಂಡ. ನೋಡುವ ಮೊದಲೇ ಅವನಿಗೆ ಗೊತ್ತಾಗಿತ್ತು, ಸದ್ದಿನಲ್ಲೇ ಒಂದು ಏಟು ಬೇರೆಯಾಗಿ ಕೇಳಿತ್ತು. ಕೆಂಪು, ನೀಲಿ ಒಂದರ ಮೇಲೊಂದು. ಹಳದಿ ಎರಡು ಬೆರಳು ಮೇಲೆ. ನಿನ್ನೆ ಸಂಜೆ ಮೂರೂ ಒಂದೇ ಕಡೆ ಬಿದ್ದದ್ದನ್ನು ಅವನೇ ನೋಡಿದ್ದ. ಅವನು ವೇಡ್‌ಗೆ ನಿಲ್ಲಿಸು ಅಂತ ಕೈ ಮಾಡಿದ, ಯಾವಾಗಲೂ ಮಾಡುವ ಹಾಗೆ. ರೆಕ್ಕೆ ನಿಲ್ಲುವವರೆಗೂ ಬಟ್ಟೆಯ ಮೇಲಿನ ಹಳದಿ ಗೀರನ್ನೇ ನೋಡುತ್ತಾ ನಿಂತ. ಅವತ್ತಿನದು ನೀಲಿ. ಅಷ್ಟೇ ಮೇಲೆ, ಇಂಥದ್ದೇ ಮಂಜು. ಬರ್ಟ್ ಬಾಗಿಲು ತೆರೆದು ಒಂದು ಕಾಲು ಹೊರಗೆ ಇಳಿಬಿಟ್ಟುಕೊಂಡು ಸೇಬು ತಿನ್ನುತ್ತಿದ್ದ. ಏನಂತೆ ಕಣೋ ಅಂದಿದ್ದ. ಏನಿಲ್ಲ, ನೀಲಿಗೆ ಸ್ವಲ್ಪ ಮಂಜು ಕುಡಿದ ಅಮಲು, ಅಂತ ಇವನು ತಮಾಷೆ ಮಾಡಿದ್ದ. ಮಂಜು ಕುಡಿದ ಅಮಲು! ಲೋಹದ ರೆಕ್ಕೆಗೆ! ಆ ಮಾತು ಬಾಯಿಂದ ಬಂದಾಗಲೂ ಅವನಿಗೆ ಹೊಳೆಯಲಿಲ್ಲ. ಏಣಿ ಹತ್ತಿ, ಇಕ್ಕಳ ತೆಗೆದು, ಒಂದು ಸಲ ಬಗ್ಗಿಸಿ ಇಳಿದು ಬಂದ. ಮತ್ತೆ ಬಾವುಟ ಹಿಡಿದಾಗ ಮೂರು ಬಣ್ಣವೂ ಸೇರಿ ಕೆಸರಿನ ಬಣ್ಣದ ಒಂದೇ ಗೀರು. ಬರ್ಟ್ ಸೇಬಿನ ದಿಂಡನ್ನು ಅವನ ಕಡೆ ಎಸೆದು, ನೀನಿಲ್ದಿದ್ರೆ ನಾನು ಯಾವತ್ತೋ ಬಸ್ ಡ್ರೈವರ್ ಆಗ್ತಿದ್ದೆ ಕಣೋ ಅಂದು ಬಾಗಿಲು ಹಾಕಿಕೊಂಡ. ಮೂವತ್ತೆಂಟು ನಿಮಿಷದ ಮೇಲೆ ನದಿಯ ನಡುಭಾಗದಲ್ಲಿ ತಿರುವು ತೆಗೆದುಕೊಳ್ಳುವಾಗ ಯಂತ್ರ ಮಗುಚಿಕೊಂಡಿತು. ಹಡಗಿನ ದಾರಿಯ ಕೆಸರಿನಲ್ಲಿ ಹುಡುಕಿ ಎರಡು ರೆಕ್ಕೆ ತೆಗೆದರು. ನೀಲಿ ಸಿಗಲೇ ಇಲ್ಲ.

ಸಿಕ್ಕಿದ್ದರೆ ಚೆನ್ನಾಗಿರುತ್ತಿತ್ತು ಅಂತ ಅವನು ಎಷ್ಟೋ ಸಲ ಅಂದುಕೊಂಡಿದ್ದ. ಸಿಗದೇ ಇದ್ದದ್ದು ಪುಣ್ಯ ಅಂತಲೂ ಅಂದುಕೊಂಡಿದ್ದ, ಒಂದೇ ದಿನದಲ್ಲಿ ಎರಡನ್ನೂ. ಈಸ್ಟರ್ ಹಿಂದಿನ ಶನಿವಾರ ಪೋಲಿಷ್ ಬೇಕರಿಯಲ್ಲಿ ಗಸಗಸೆ ಬ್ರೆಡ್ಡಿಗೆ ಸಾಲಿನಲ್ಲಿ ನಿಂತಿದ್ದಾಗ ಬರ್ಟ್‌ನ ಹೆಂಡತಿ ನೋರೀನ್ ಹಿಂದಿನಿಂದ ಬಂದು ಅವನ ತೋಳು ಹಿಡಿದಳು. ಆಕೆ ಸೊರಗಿದ್ದಳು, ತುಟಿಗೆ ಬಣ್ಣ ಹಚ್ಚಿದ್ದಳು. ನೀನು ನನ್ನ ನೋಡಿದ್ರೆ ರಸ್ತೆ ದಾಟಿ ಆಚೆ ಹೋಗ್ತೀಯಂತೆ, ಯಾಕೋ, ಅಂದಳು. ಅವನು ಏನೋ ತೊದಲಿದ. ನೀನು ಯಾಕೆ ಕೊರಗ್ತೀಯ ಕ್ಯಾಸ್, ನಿನ್ನ ಕೆಲಸ ನೀನು ನೆಟ್ಟಗೆ ಮಾಡಿ ಕೊಟ್ಟಿದ್ದೆ, ಅದನ್ನ ಹಾಳು ಮಾಡ್ಕೊಂಡವನು ಅವನು, ಮೇಲೆ ಹೋದ್ರೆ ಅವನಿಗೆ ಹೆಂಡತಿ ಮಕ್ಕಳು ಎಲ್ಲಿ ನೆನಪಿರ್ತಿದ್ರು, ಅಂದಳು. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡು ಬ್ರೆಡ್ಡಿನ ಕಡೆ ನೋಡುತ್ತಿದ್ದರು. ಅವನು ಆಕೆಗೆ ಸಮಾಧಾನ ಹೇಳಬೇಕಾದವನು ಆಕೆಯಿಂದ ಸಮಾಧಾನ ಹೇಳಿಸಿಕೊಂಡು, ತಲೆಯಾಡಿಸಿ, ತನ್ನ ಸರದಿ ಬಂದಾಗ ಎರಡು ಬ್ರೆಡ್ಡು ಅಂದ. ತಲೆಯಾಡಿಸಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

"ಕ್ಯಾಸ್! ಏನಾಯ್ತು?" ವೇಡ್ ಕಿಟಕಿಯಿಂದ ಕೂಗಿದ. ರೆಕ್ಕೆಗಳು ನಿಂತಿದ್ದವು. ಯಾರೋ ಏಣಿ ತಂದು ಹಳದಿ ರೆಕ್ಕೆಯ ಕೆಳಗೆ ಇಟ್ಟೂ ಆಗಿತ್ತು. ಅವನು ಏಣಿಯ ಮೂರು ಮೆಟ್ಟಿಲು ಹತ್ತಿದ. ನಾಲಿಗೆ ಕೈಗೆಟುಕುವಷ್ಟು ಹತ್ತಿರ. ಒಂದು ಸಲ ಬಗ್ಗಿಸಿದರೆ ಐದು ನಿಮಿಷದಲ್ಲಿ ಎಲ್ಲ ಒಂದೇ ಗೀರು, ಕರ್ನಲ್ ಖುಷಿ, ಎರಡು ಸಾವಿರ ಜನ ಖುಷಿ. ಬಗ್ಗಿಸದೆ ಕಾರಣ ಹುಡುಕಿ ಅಂದರೆ, ಯಾಕೆ ಅಂತ ಕೇಳುತ್ತಾರೆ, ನೀನು ಯಾವತ್ತೂ ಹಾಗೆ ಅಂದವನಲ್ಲವಲ್ಲ, ಮೂರನೆಯದಕ್ಕೆ ಹೀಗೆ ಆಗಿರಲಿಲ್ಲವಾ ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಸುಳ್ಳು ಹೇಳುವಷ್ಟು ಕಸುವು ತನ್ನಲ್ಲಿ ಉಳಿದಿಲ್ಲ ಅಂತ ಏಣಿಯ ಮೇಲೆ ನಿಂತಾಗಲೇ ಅವನಿಗೆ ಗೊತ್ತಾಯಿತು. ಧೈರ್ಯವೇನಲ್ಲ ಅದು, ಬರೀ ದಣಿವು. ಕೆಳಗೆ ವೇಡ್ ತಲೆ ಹೊರಗೆ ಹಾಕಿ ಅವನನ್ನೇ ನೋಡುತ್ತಾ, ಏನೋ ಸಿಳ್ಳೆ ಹಾಕುತ್ತಿದ್ದ. ಕ್ಯಾಸ್ ಇಳಿದು ಬಂದ.

"ಇಳೀ ವೇಡ್. ಇವತ್ತು ಹಾರಬೇಡ."

"ತಮಾಷೆ ಮಾಡ್ಬೇಡಿ."

"ಹಳದಿ ಎರಡು ಬೆರಳು ಮೇಲಿದೆ. ನಿನ್ನೆ ಇರ್ಲಿಲ್ಲ. ಇಳೀ ಅಂದೆ."

ಹಾರಾಟದ ಮುಖ್ಯಸ್ಥ ಆಲ್ಡನ್ ಥ್ರಾಲ್ ಟೈ ಸರಿಮಾಡಿಕೊಳ್ಳುತ್ತಾ ಕುರ್ಚಿಗಳ ಕಡೆಯಿಂದ ಬಂದ. ಹದಿನಾಲ್ಕು ವರ್ಷದಿಂದ ಒಬ್ಬರಿಗೊಬ್ಬರು ಗೊತ್ತು, ಕ್ಯಾಸ್‌ನನ್ನು ಕೆಲಸಕ್ಕೆ ತೆಗೆದುಕೊಂಡವನೇ ಅವನು. ಎರಡು ಬೆರಳು ತಾನೇ, ನಿಂಗೆ ಅದು ಎಷ್ಟು ಹೊತ್ತಿನ ಕೆಲಸ, ಬಗ್ಗಿಸಿ ಬಿಡು ಮಾರಾಯ, ಅಂದ ಮೆಲ್ಲಗೆ, ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು.

"ಬಗ್ಗಿಸಲ್ಲ ಆಲ್ಡನ್."

"ಯಾಕೆ?"

"ಹೋದ ಸಲ ಬಗ್ಗಿಸಿದ್ದೆ."

"ಯಾವ ಹೋದ ಸಲ?"

ಕರ್ನಲ್ ಎದ್ದು ಹತ್ತಿರ ಬಂದಿದ್ದ. ಅವನ ಹಿಂದೆ ಕಾರ್ಖಾನೆಯ ನಾಲ್ಕು ಜನ, ಇಬ್ಬರು ಫಿಟ್ಟರುಗಳು, ಏಣಿ ತಂದವನು. ಕ್ಯಾಸ್‌ಗೆ ತನ್ನ ದನಿ ಬೇರೆ ಯಾರದೋ ಹಾಗೆ ಕೇಳಿಸಿತು, ಸಣ್ಣಗೆ, ಒಣಗಿಕೊಂಡು. "ಅಕ್ಟೋಬರ್ ಹದಿನಾಲ್ಕು. ಬರ್ಟ್‌ದು. ನೀಲಿ ರೆಕ್ಕೆ ಹಿಂಗೇ ಮೇಲಿತ್ತು. ಮರದ ರೆಕ್ಕೆ ಅನ್ನೋ ಹಂಗೆ ಬಗ್ಗಿಸಿ ಕಳಿಸ್ಬಿಟ್ಟೆ. ಯಾರಿಗೂ ಹೇಳ್ಲಿಲ್ಲ." ವೇಡ್ ಸಿಳ್ಳೆ ನಿಲ್ಲಿಸಿದ್ದ. ಅವನು ನಿಧಾನವಾಗಿ ಪಟ್ಟಿ ಬಿಚ್ಚಿಕೊಂಡು ಇಳಿದು, ಕ್ಯಾಸ್‌ನ ಪಕ್ಕದಲ್ಲೇ ನಡೆದುಕೊಂಡು ಹೋದ, ಮುಖ ನೋಡಲಿಲ್ಲ. ಕರ್ನಲ್ ಮಾತ್ರ ಆಲ್ಡನ್ ಕಡೆ ತಿರುಗಿ, ಹಾಗಾದ್ರೆ ಇವತ್ತು ಊಟ ಬೇಗ ಅನ್ನಿ, ಅಂದ. ಅಷ್ಟು ಹೊತ್ತಿಗೆ ಮಂಜು ಕರಗಿ, ಹಾರುವುದಕ್ಕೆ ಬಹಳ ಒಳ್ಳೆಯ ಬೆಳಕು ಬಿದ್ದಿತ್ತು.

ಹಳದಿ ರೆಕ್ಕೆಯನ್ನು ಬಿಚ್ಚಿ ಶೆಡ್ಡಿಗೆ ಹೊತ್ತರು. ಉದ್ದಕ್ಕೂ ನಾಣ್ಯದಿಂದ ತಟ್ಟಿ ನೋಡಿದರು. ಅಂಟು ಬಿಟ್ಟ ಕಡೆ ಸದ್ದು ಮಂಕಾಗುತ್ತದೆ, ಇಲ್ಲಿ ಮಂಕಾಗಲಿಲ್ಲ. ತಟ್ಟಿ ನೋಡಿದ್ದು ಸಾಲದು ಅಂತ ಆಲ್ಡನ್ ಗರಗಸ ತರಿಸಿದ. ಕ್ಯಾಸ್ ಮೂಲೆಯ ಪೆಟ್ಟಿಗೆಯೊಂದರ ಮೇಲೆ ಕೂತು, ಮನೆಯಿಂದ ತಂದಿದ್ದ ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚಿ, ಮತ್ತೆ ಸುತ್ತಿಟ್ಟ. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೆಳಿಗ್ಗೆ ಹೆಗಲ ಮೇಲೆ ಕೈ ಹಾಕುತ್ತಿದ್ದ ಫಿಟ್ಟರ್ ಒಬ್ಬ ಸ್ಪ್ಯಾನರ್ ತೆಗೆದುಕೊಳ್ಳಲು ಬಂದವನು, ಸ್ವಲ್ಪ ಸರೀರಿ ಅಂದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಬಹುವಚನ. ಗರಗಸದ ಕಿರುಚಾಟ ನಡೆದಷ್ಟು ಹೊತ್ತೂ ಕ್ಯಾಸ್ ಒಂದನ್ನೇ ಬೇಡಿಕೊಳ್ಳುತ್ತಿದ್ದ, ಕೆಟ್ಟಿರಲಿ, ಒಳಗೆ ಕೆಟ್ಟಿರಲಿ. ಕೆಟ್ಟಿದ್ದರೆ ತಾನು ಒಬ್ಬನನ್ನು ಉಳಿಸಿದ ಹಾಗೆ, ಆ ಒಬ್ಬನನ್ನು ಇನ್ನೊಬ್ಬನ ಲೆಕ್ಕಕ್ಕೆ ಹಿಡಿಯಬಹುದು. ಎರಡು ಗಂಟೆಯ ಹೊತ್ತಿಗೆ ರೆಕ್ಕೆ ಆರು ತುಂಡಾಗಿ ಮೇಜಿನ ಮೇಲೆ ಬಿದ್ದಿತ್ತು. ಅಂಟು ಎಲ್ಲ ಕಡೆ ಜೇನಿನ ಬಣ್ಣಕ್ಕೆ, ಒಂದು ಗುಳ್ಳೆಯಿಲ್ಲದೆ, ಹೊಸದರ ಹಾಗೆ ಇತ್ತು. ಬಿರುಕಿಲ್ಲ. ಏನೂ ಇಲ್ಲ. ಇನ್ನರ್ಧ ಗಂಟೆಗೆ ಕಾರಣವೂ ಸಿಕ್ಕಿತು. ರಾತ್ರಿ ಪಾಳಿಯವನು ರೆಕ್ಕೆ ಎಷ್ಟು ಓರೆಯಾಗಿರಬೇಕೋ ಅಷ್ಟಕ್ಕೆ ಹಿಡಿದಿಡುವ ಸರಳಿನ ತುದಿಯ ಬೇರಿಂಗ್ ಬದಲಾಯಿಸಿ, ಮತ್ತೆ ತಿರುಪು ಬಿಗಿಯುವಾಗ ಅರ್ಧ ಸುತ್ತು ಕಡಿಮೆ ತಿರುಗಿಸಿದ್ದ, ಕೆಲಸದ ಕಾರ್ಡಿನಲ್ಲಿ ಬರೆಯುವುದನ್ನು ಮರೆತಿದ್ದ. ನೂರಾರು ಗಂಟೆಯ ದುಡಿಮೆಯ ಒಂದು ಒಳ್ಳೆಯ ರೆಕ್ಕೆಯನ್ನು ಕೊಯ್ದು ಹಾಕಿದ್ದಾಯಿತು, ಸೈನ್ಯದವರು ಊಟ ಮಾಡಿ ಫಿಲಡೆಲ್ಫಿಯಾದ ರೈಲು ಹತ್ತಿದ್ದಾಯಿತು. ಮುಂದಿನ ತಿಂಗಳು ಮತ್ತೆ ಬರುತ್ತಾರಂತೆ. ತುಂಡುಗಳನ್ನು ನೋಡುತ್ತಾ ನಿಂತ ಕ್ಯಾಸ್‌ಗೆ ಅಳುವೂ ಬರಲಿಲ್ಲ. ನೀಲಿಯೂ ಹೀಗೇ ಚೆನ್ನಾಗಿತ್ತೋ ಏನೋ. ಅವತ್ತೂ ಯಾರೋ ಅರ್ಧ ಸುತ್ತು ಮರೆತಿದ್ದರೋ ಏನೋ. ಬರ್ಟ್ ನಿಜವಾಗಿಯೂ ಹುಚ್ಚು ತಿರುವು ತೆಗೆದುಕೊಂಡಿದ್ದನೋ ಏನೋ. ಹನ್ನೊಂದು ತಿಂಗಳು ಹೊತ್ತು ತಿರುಗಿದ ಪಾಪ ತನ್ನದು ಹೌದೋ ಅಲ್ಲವೋ ಅನ್ನುವುದೂ ಇನ್ನು ತನಗೆ ಗೊತ್ತಾಗುವುದಿಲ್ಲ.

ಆಲ್ಡನ್ ಅವನನ್ನು ಶೆಡ್ಡಿನ ಹಿಂದೆ ಕರೆದುಕೊಂಡು ಹೋಗಿ ಸಿಗರೇಟು ಕೊಟ್ಟ. ತಾನೂ ಒಂದು ಹಚ್ಚಿಕೊಂಡ. ಬೆಳಿಗ್ಗೆಗಿಂತ ಹತ್ತು ವರ್ಷ ಮುದುಕನಾಗಿ ಕಾಣುತ್ತಿದ್ದ.

"ರೆಕ್ಕೆ ಚೆನ್ನಾಗಿದೆ. ಗೊತ್ತಾಯ್ತಲ್ಲ?"

"ಗೊತ್ತಾಯ್ತು."

"ನೀನು ಬೆಳಿಗ್ಗೆ ಹೇಳಿದ್ದನ್ನ ಯಾರೂ ಬರ್ಕೊಂಡಿಲ್ಲ. ಕರ್ನಲ್‌ಗೆ ಹೇಳಿದೀನಿ, ಮನುಷ್ಯ ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ, ಗೆಳೆಯ ಹೋದ ಅಂತ. ಅವನಿಗೂ ಅರ್ಥ ಆಯ್ತು. ಯುದ್ಧ ನೋಡಿದವನು. ಮನೆಗೆ ಹೋಗು, ಒಂದು ವಾರ ಮಲಗು, ವಾಪಸ್ ಬಾ. ನಿನ್ನ ಕೋಲು ಇಲ್ಲೇ ಇರುತ್ತೆ."

"ನಾನು ಹೇಳಿದ್ದು ನಿಜ ಆಲ್ಡನ್."

"ಇರ್ಬಹುದು. ಆದ್ರೆ ಯಾರಿಗೆ ಉಪಯೋಗ, ಹೇಳು. ಬೆಳಿಗ್ಗೆ ವೇಡ್ ಕೂತಿದ್ದ, ಸರಿ, ಬಾಯಿ ಬಿಟ್ಟೆ. ನಾನಾದ್ರೂ ಅದನ್ನೇ ಮಾಡ್ತಿದ್ದೆ. ಈಗ ಅದ್ರೊಳಗೆ ಯಾರೂ ಕೂತಿಲ್ಲ ಕಣೋ."

ಅದು ಕರುಣೆಯ ಮಾತು, ಕ್ಯಾಸ್‌ಗೆ ಗೊತ್ತಿತ್ತು. ಎಲ್ಲವೂ ಮತ್ತೆ ಮೊದಲಿನ ಹಾಗೆ ಆಗಬಹುದು ಅಂತ ಅರ್ಥ. ಆ ಕರುಣೆಗೆ ಅವನಿಗೆ ಅಲ್ಲೇ ನೆಲದ ಮೇಲೆ ಮಲಗಿಬಿಡೋಣ ಅನ್ನಿಸಿತು. ಸಿಗರೇಟು ಮುಗಿಯುವ ಹೊತ್ತಿಗೆ ಆಲ್ಡನ್ ಹೊರಟುಹೋಗಿದ್ದ. ಈಗ ಅದರೊಳಗೆ ಯಾರೂ ಕೂತಿಲ್ಲ. ಬರ್ಟ್ ಕೂತಿದ್ದಾನಲ್ಲ, ಮಿಸ್ ಪೆಲ್‌ಳ ಹಾಳೆಯಲ್ಲಿ, ಮಿತಿಮೀರಿದ ತಿರುವಿನಲ್ಲಿ, ನಾಳೆ ಅಚ್ಚಾದ ಮೇಲೆ ಇನ್ನು ಅಲ್ಲಿಂದ ಇಳಿಯುವುದೇ ಇಲ್ಲ. ಅವನ ಕಾಲುಗಳು ಕಚೇರಿಯ ಕಡೆ ನಡೆದವು. ಮಿಸ್ ಪೆಲ್ ಹಾಳೆಯನ್ನೂ ಪೆನ್ನನ್ನೂ ಅವನ ಕಡೆ ತಳ್ಳಿದಳು, ಸುದ್ದಿ ಅವಳಿಗೂ ತಲುಪಿತ್ತು, ಕಣ್ಣೆತ್ತಿ ನೋಡುತ್ತಿರಲಿಲ್ಲ. ಅವನು ರುಜು ಹಾಕಲಿಲ್ಲ. ಒಂದೇ ಮಟ್ಟದಲ್ಲಿ ತಿರುಗುತ್ತಿದ್ದವು ಎಂಬ ಸಾಲಿನ ಪಕ್ಕ, ಅಂಕುಡೊಂಕು ಅಕ್ಷರದಲ್ಲಿ, ಮೊದಲು ನೀಲಿ ಎರಡು ಬೆರಳು ಮೇಲಿತ್ತು, ನಾನು ಬಗ್ಗಿಸಿದೆ, ಕಾರಣ ಹುಡುಕಲಿಲ್ಲ, ಯಂತ್ರದಲ್ಲಿ ದೋಷವಿರಲಿಲ್ಲ ಎಂದು ಹೇಳಲು ಬರುವುದಿಲ್ಲ, ಅಂತ ಬರೆದು ಕೆಳಗೆ ತನ್ನ ಪೂರ್ತಿ ಹೆಸರು ಬರೆದ.

ಮಿಸ್ ಪೆಲ್ ಓದಿದಳು. "ಆಲ್ಡನ್ ಇದನ್ನ ಹೊಡೆದು ಹಾಕ್ತಾರೆ ಕ್ಯಾಸ್. ನಂಗೆ ಈಗಾಗಲೇ ಫೋನ್ ಮಾಡಿ ಹೇಳಿದಾರೆ, ನೀವು ಏನ್ ಬರೆದ್ರೂ ಬಿಟ್ಬಿಡು ಅಂತ."

"ಹೊಡೆದು ಹಾಕ್ಲಿ."

"ಮತ್ಯಾಕೆ ಬರೆದ್ರಿ?"

ಅವನು ಪೆನ್ನನ್ನು ಹಾಳೆಯ ಮೇಲಿಟ್ಟು ಹೊರಗೆ ಬಂದ. ಪುಸ್ತಕದಲ್ಲಿ ಉಳಿಯುವುದಿಲ್ಲ ಅಂದಮೇಲೆ ಉಳಿದದ್ದು ಒಂದೇ ಮನೆ.

ನೋರೀನ್‌ಳ ಮನೆ ರೈಲು ಹಳಿಯ ಆಚೆ, ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲಿನಲ್ಲಿ. ಐದು ಗಂಟೆಯ ಬಿಸಿಲು ಮೆಟ್ಟಿಲ ಮೇಲಿತ್ತು. ಆಕೆ ಬಾಗಿಲು ತೆರೆದಾಗ ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು, ಒಳಗೆ ಈರುಳ್ಳಿ ಹುರಿಯುವ ವಾಸನೆ, ಮಕ್ಕಳು ಯಾವುದಕ್ಕೋ ಕಿತ್ತಾಡುವ ಸದ್ದು. ಒಳಗೆ ಬಾ ಅಂದಳು. ಅವನು ಬರಲಿಲ್ಲ. ಟೋಪಿ ಕೈಯಲ್ಲಿ ಹಿಡಿದುಕೊಂಡು, ಕೆಳಗಿನ ಮೆಟ್ಟಿಲ ಮೇಲೆ ನಿಂತೇ, ಮೈದಾನದಲ್ಲಿ ಹೇಳಿದ್ದನ್ನೇ ಹೇಳಿದ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಯಾವುವೂ ಸಿಗಲಿಲ್ಲ. ಕೊನೆಗೆ, "ಅದ್ರಿಂದಲೇ ಬಿತ್ತು ಅಂತ ನಂಗೆ ಗೊತ್ತಿಲ್ಲ ನೋರೀನ್. ಯಾವತ್ತೂ ಗೊತ್ತಾಗಲ್ಲ. ಇವತ್ತು ಇನ್ನೊಂದು ರೆಕ್ಕೆ ಕೊಯ್ದು ನೋಡಿದ್ರು, ಅದರಲ್ಲಿ ಏನೂ ಇರ್ಲಿಲ್ಲ. ಆದ್ರೆ ನಾನು ಹೇಳ್ಬೇಕಾಗಿತ್ತು" ಅಂದ. ಆಕೆ ಕಿರುಚುತ್ತಾಳೆ, ಬಾಗಿಲು ಮುಖಕ್ಕೆ ಬಡಿಯುತ್ತಾಳೆ, ಹೊಡೆಯುತ್ತಾಳೆ ಅಂತ ಕಾಯುತ್ತಿದ್ದ. ಹೊಡೆಯಲಿ ಅಂತ ಆಸೆಯೂ ಇತ್ತು. ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಂದ್ರೆ, ಅವನೇ ಮಾಡ್ಕೊಂಡ ಅಂತ ಯಾರಿಗೂ ಖಂಡಿತವಾಗಿ ಗೊತ್ತಿರ್ಲಿಲ್ಲ."

"ಇಲ್ಲ."

"ಆ ಐದು ಜನಕ್ಕೂ?"

"ಅವರಿಗೂ ಗೊತ್ತಿರ್ಲಿಲ್ಲ. ನಾನು ಹೇಳಿದ್ರೆ ಹಂಗೆ ಬರೀತಿರ್ಲಿಲ್ಲ."

"ಹನ್ನೊಂದು ತಿಂಗಳು ನಾನು ಅವನನ್ನ ಬೈಕೊಂಡೇ ಇದೀನಿ ಕ್ಯಾಸ್." ಆಕೆಯ ದನಿ ಏರಲಿಲ್ಲ. "ಬೆಳಿಗ್ಗೆ ಎದ್ದು ಬೈತೀನಿ. ಪಾತ್ರೆ ತೊಳೀತಾ ಬೈತೀನಿ. ಮಕ್ಕಳ ಮುಂದೆ ಬೈದಿದೀನಿ, ನಿಮ್ಮಪ್ಪನಿಗೆ ನಾವು ಬೇಕಾಗಿರ್ಲಿಲ್ಲ, ಆ ಯಂತ್ರದಲ್ಲಿ ಕುಣೀಬೇಕಾಗಿತ್ತು ಅಂತ. ದೊಡ್ಡವಳು ಅವನ ಫೋಟೋ ಗೋಡೆಯಿಂದ ತೆಗೆದು ಮಂಚದ ಕೆಳಗೆ ಹಾಕಿದಾಳೆ. ಮಣ್ಣು ಮಾಡಿದ ದಿನ ಬಿಟ್ರೆ ನಾನು ಆ ಕಡೆ ತಲೆ ಹಾಕಿಲ್ಲ. ಒಂದು ಸಲಾನೂ ಅತ್ತಿಲ್ಲ. ಅಳೋಕೆ ಸಿಟ್ಟು ಬಿಡ್ತಾನೇ ಇರ್ಲಿಲ್ಲ."

ಕ್ಯಾಸ್‌ಗೆ ಬರ್ಟ್‌ನ ಜೀವದ ಬಗ್ಗೆ, ಹೆಸರಿನ ಬಗ್ಗೆ ಯೋಚನೆ ಬಂದಿತ್ತು. ತನ್ನ ನಿದ್ದೆಯ ಬಗ್ಗೆ, ತನ್ನ ಕೈಯ ಬಗ್ಗೆ ಯೋಚಿಸಿ ಯೋಚಿಸಿ ಸವೆದಿದ್ದ. ಇದು ಮಾತ್ರ ಅವನಿಗೆ ಹೊಳೆದೇ ಇರಲಿಲ್ಲ. ಬೇಕರಿಯಲ್ಲಿ ಈಕೆ ತೋಳು ಹಿಡಿದು ಮಾತಾಡಿದಾಗ ಇದೇ ಕಣ್ಣೆದುರಿಗಿತ್ತು, ಅವನು ತನ್ನ ನಾಚಿಕೆಯನ್ನು ಮುಚ್ಚಿಕೊಳ್ಳುವುದರಲ್ಲಿದ್ದ. ನೋರೀನ್ ಒಳಗೆ ಹೋದಳು. ಒಲೆ ಆರಿಸಿದ ಸದ್ದು ಕೇಳಿಸಿತು, ದೊಡ್ಡ ಮಗಳಿಗೆ ಏನೋ ಹೇಳಿದ್ದು ಕೇಳಿಸಿತು. ಬಂದಾಗ ಏಪ್ರನ್ ಬಿಚ್ಚಿರಲಿಲ್ಲ, ಅದರ ಮೇಲೇ ಕೋಟು ಹಾಕಿಕೊಂಡಿದ್ದಳು.

"ಕಾರು ತಂದಿದೀಯಾ?"

"ತಂದಿದೀನಿ."

"ನನ್ನ ಅವನ ಹತ್ರ ಕರ್ಕೊಂಡು ಹೋಗು. ನೀನು ಒಳಗೆ ಬರ್ಬೇಡ. ದಾರೀಲಿ ಮಾತೂ ಆಡ್ಬೇಡ."

ಸ್ಮಶಾನದ ಗೇಟಿನ ಹತ್ತಿರ ಆಕೆ ಕಾರು ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದಳು. ಯಾವ ಸಾಲು ಅಂತ ನೆನಪಿಲ್ಲದೆ ಕಲ್ಲುಗಳ ನಡುವೆ ಅತ್ತ ಇತ್ತ ನಡೆದಳು, ಒಂದೊಂದರ ಮುಂದೆಯೂ ಬಗ್ಗಿ ಹೆಸರು ಓದಿದಳು. ಅವನಿಗೆ ಜಾಗ ಗೊತ್ತಿತ್ತು, ಪ್ರತಿ ತಿಂಗಳೂ ಬಂದಿದ್ದ. ಕೂಗಿ ಹೇಳಬಹುದಿತ್ತು. ಬಾಯಿ ಬಿಡುವ ಹಕ್ಕು ಅವನಿಗಿರಲಿಲ್ಲ. ಎಡಕ್ಕೆ, ಇನ್ನೂ ಎಡಕ್ಕೆ ಅಂತ ಮನಸ್ಸಿನಲ್ಲೇ ಅನ್ನುತ್ತಾ, ಸ್ಟಿಯರಿಂಗ್ ಹಿಡಿದುಕೊಂಡು ಕೂತಿದ್ದ. ಆಕೆಗೆ ಸಿಕ್ಕಿತು. ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಕೋಟಿನ ಸಮೇತ ಹುಲ್ಲಿನ ಮೇಲೆ ಕೂತು, ಎರಡೂ ಕೈಯಲ್ಲಿ ಕಲ್ಲು ಹಿಡಿದು, ಈಗಷ್ಟೇ ಸುದ್ದಿ ಬಂದವಳ ಹಾಗೆ ಅಳತೊಡಗಿದಳು.